ಹದಿನಾಲ್ಕನೇ ಜಾಗದ ಬೆಂಕಿ

ಲವಾನ್‌ಗೆ ಅರವತ್ತೊಂಬತ್ತು ವಯಸ್ಸು, ಆದ್ರೆ ಆ ಕಿತ್ತಳೆ ಬಣ್ಣದ ಜಾಕೆಟ್ ಹಾಕ್ಕೊಂಡು ಪುಟ್ಟ ಬ್ಯಾಟರಿ ಗಾಡಿ ಹತ್ತಿದ್ಲು ಅಂದ್ರೆ ಇಡೀ ಕ್ಯಾಂಪ್‌ಗ್ರೌಂಡೇ ನೆಟ್ಟಗೆ ಕೂರ್ತಿತ್ತು! ಅಮೆರಿಕದ ಮಿನೆಸೋಟಾದ ಆ ಕೆರೆ ದಂಡೆ ಸ್ಟೇಟ್ ಪಾರ್ಕಲ್ಲಿ ಹನ್ನೊಂದು ಬೇಸಿಗೆಯಿಂದ ಸಂಬಳ ಇಲ್ದೆ ಉಸ್ತುವಾರಿ ಅವಳದೇ. ನಾಯಿ ಬಿಚ್ಚಿಬಿಟ್ರೂ ಒಂದ್ ಮಾತು ಬೈದು ಬಿಡ್ತಿದ್ಲು, ಗಿಟಾರ್ ಬಾರಿಸಿದ್ರೂ ಬಿಡ್ತಿದ್ಲು, ಹೊರಗಿನ ಸೌದೆ ತಂದ್ರೆ ಮಾತ್ರ ಊಹೂಂ. ಯಾಕಂದ್ರೆ ಆ್ಯಶ್ ಮರ ಕೊರೆಯೋ ಹಸಿರು ಹುಳ ಸೌದೆ ಒಳಗೇ ಕೂತು ಊರೂರು ಸುತ್ತತ್ತೆ, ಅಲ್ಲಿ ಟೆಂಟುಗಳಿಗೆ ನೆರಳು ಕೊಡೋದೆಲ್ಲ ಆ್ಯಶ್ ಮರಗಳೇ. ಒಂದ್ಸಲ ಪಾದ್ರಿಯೊಬ್ರ ಕಾರಿನ ಡಿಕ್ಕಿ ತೆಗೆಸಿ ಸೌದೆ ಇಳಿಸ್ಕೊಂಡಿದ್ಲು, ಪಾಪ ಅವರು ಭಾನುವಾರ ಚರ್ಚಲ್ಲಿ ಅವಳ ಹೆಸರು ಹೇಳಿ ಪ್ರಾರ್ಥನೆ ಮಾಡಿದ್ರಂತೆ!

ಹೋದ ವರ್ಷ ಜುಲೈನಲ್ಲಿ ಅವಳ ತಮ್ಮ ಡ್ವೇನ್ ಬಂದ. ಹದಿನಾಲ್ಕನೇ ನಂಬರ್ ಜಾಗ, ನೀರಿಗೆ ಒಂದೇ ಹೆಜ್ಜೆ. ಚಿಕ್ಕವರಿದ್ದಾಗ ಅಪ್ಪ ಅಮ್ಮ ಟೆಂಟ್ ಹಾಕ್ತಿದ್ದದ್ದು ಅಲ್ಲೇ. ಡ್ವೇನ್ ಮೊದಲೇ ಸಣಕಲ, ಈಗಂತೂ ಬೆಲ್ಟಿಗೆ ಎರಡು ಹೊಸ ತೂತು. ಕ್ಯಾನ್ಸರು. ಕ್ರಿಸ್‌ಮಸ್‌ವರೆಗಿನ ಮಾತು ಆಡ್ಬೇಡಿ ಅಂದಿದ್ರು ಡಾಕ್ಟರು.

ಪಿಕಪ್ ಹಿಂದಿನ ಟಾರ್ಪಾಲು ಎತ್ತಿ, "ಇದ್ಯಾವ್ದು ಹೇಳು ನೋಡಣ?" ಅಂದ.

ತೊಗಟೆ ನೋಡಿದ್ರೇ ಗೊತ್ತಾಗೋಯ್ತು. ಅವರ ಹಳೇ ಮನೆ ಹಿಂದಿನ ಆ್ಯಶ್ ಮರ. ಒಂದು ತುಂಡಲ್ಲಿ ಇಬ್ರೂ ಆಡಿದ್ದ ಜೋಕಾಲಿ ಸರಪಳಿ ಉಜ್ಜಿದ ಗುರುತು ಹಂಗೇ ಇತ್ತು.

"ಹುಳ ಹಿಡೀತು ವಾನಿ, ಕಡಿಸ್ದೆ. ಇಲ್ಲಿ ಕೂತು ನಾವಿಬ್ರೂ ಒಂದ್ಸಲ ಇದರ ಬೆಂಕಿ ಕಾಯಿಸ್ಕೊಂಡ್ರೆ ಸಾಕು, ನಂಗಿನ್ನೇನೂ ಬೇಡ."

"ಹುಳ ಹಿಡೀತು ಅಂತ ನೀನೇ ಹೇಳ್ತಿದೀಯಲ್ಲೋ."

"ಒಂದೇ ಒಂದು ತುಂಡು. ಸುಟ್ರೆ ಹುಳಾನೂ ಸುಟ್ಟೋಗತ್ತೆ."

"ಎಲ್ರೂ ಹಂಗೇ ಹೇಳೋದು."

"ನಾನು ಎಲ್ರಲ್ಲಿ ಒಬ್ನಾ?" ಅಂದವನು, ಅವಳ ಮುಖ ನೋಡಿ ಎರಡೂ ಕೈ ಮುಂದೆ ಚಾಚ್ದ. "ಸರಿ ಮೇಡಂ, ಬೇಡಿ ಹಾಕಿ! ಅಮ್ಮನ ಮೂತೀನೇ ಬಂದ್ಬಿಟ್ಟಿದೆ ನಿಂಗೆ."

ಅವಳು ನಗ್ಲಿಲ್ಲ. ಪಾರ್ಕ್ ಆಫೀಸಿಂದ ಎರಡು ಕಟ್ಟು ಸೌದೆ ತಂದ್ಲು. ಅದೋ, ಒದ್ದೆ! ಉರೀಲೇ ಇಲ್ಲ, ಬರೀ ಹೊಗೆ. ಇಬ್ರೂ ಕೆಮ್ಕೊಂಡು, ಕಣ್ಣು ಒರೆಸ್ಕೊಂಡು, ಅರೆಬೆಂದ ಸಾಸೇಜು ತಿಂದ್ರು. ಮೂರು ದಿನ ಇರೋಕೆ ಅಂತ ಬಂದಿದ್ದ ಡ್ವೇನ್ ಬೆಳಿಗ್ಗೇನೇ ಟೆಂಟ್ ಸುತ್ಕೊಂಡ. "ಹೊಗೆ ಆಗಲ್ಲ ನಂಗೆ," ಅಂದ, ಅಷ್ಟೇ. ಸೌದೆ ಸಮೇತ ವಾಪಸ್ ಹೋದ. ಅಕ್ಟೋಬರಲ್ಲಿ ತೀರ್ಕೊಂಡ.

ಮರಗಳಾದ್ರೂ ಉಳಿದ್ವಲ್ಲ ಅಂತ ಚಳಿಗಾಲ ಪೂರ್ತಿ ಸಮಾಧಾನ ಮಾಡ್ಕೊಂಡ್ಲು ಲವಾನ್. ಈ ಜೂನಲ್ಲಿ ಅರಣ್ಯ ಇಲಾಖೆಯವನೊಬ್ಬ ಬಂದು ಒಂಬತ್ತನೇ ಜಾಗದ ಮರದ ತೊಗಟೆ ಸುಲಿದ. ಒಳಗೆಲ್ಲ ಹುಳ ಕೊರೆದ ಗೆರೆ, ಹಾವು ಹರಿದಂಗೆ.

"ಹೋದ ವರ್ಷ ಬಂದಿರಬೇಕು, ಅಲ್ವಾ?" ಅಂದ್ಲು.

"ಇಲ್ಲ ಅಮ್ಮ, ಇದು ಮೂರು ವರ್ಷದ ಕೆಲಸ."

ಅಂದ್ರೆ ಡ್ವೇನ್ ಟಾರ್ಪಾಲು ಎತ್ತಿದಾಗ ಹುಳ ಆಗ್ಲೇ ಅವರ ತಲೆ ಮೇಲೇ ಇತ್ತು!

ಆಗಸ್ಟ್ ಹೊತ್ತಿಗೆ ಅಷ್ಟೂ ಮರ ಕಡಿದ್ರು. ಆ ಸೌದೆ ಪಾರ್ಕ್ ಒಳಗೇ ಸುಡಬಹುದು ಅಂತ ಬೋರ್ಡು ಹಾಕಿದ್ರು. ಒಂದು ಮಧ್ಯಾಹ್ನ ಲವಾನ್ ಹದಿನಾಲ್ಕನೇ ಜಾಗ ತನ್ನ ಹೆಸರಲ್ಲೇ ಬುಕ್ ಮಾಡಿ, ಎರಡು ಕುರ್ಚಿ ಬಿಡಿಸಿಟ್ಲು. ನೆರಳೇ ಇಲ್ಲ, ಬಿಸಿಲು ನೆತ್ತಿ ಮೇಲೇ. ಆದ್ರೂ ಹುಳ ತಿಂದು ಒಣಗಿದ್ದ ಆ ಆ್ಯಶ್ ಸೌದೆ ಪೇರಿಸಿ ಬೆಂಕಿ ಹಚ್ಚಿದ್ಲು. ಒಂದೇ ಕಡ್ಡಿಗೆ ಹತ್ಕೊಂಡ್ತು.

"ಉರೀತು ನೋಡೋ," ಅಂದ್ಲು ಪಕ್ಕದ ಕುರ್ಚಿಗೆ.

ಹೊಗೆ ಒಂಚೂರೂ ಇರ್ಲಿಲ್ಲ. ಆದ್ರೂ ಕಣ್ಣು ಒರೆಸ್ಕೊಳ್ತಾನೇ ಇದ್ಲು.