ಹಂದಿ ಕಾಯುವ ರೇಡಿಯೋ ಮತ್ತು ಕಳೆದುಹೋದ ನಕ್ಷತ್ರ

ಇಂಥ ಕಥೆಗಳನ್ನು ಬೇರೆಯವರು ಹೇಳಿದಾಗ ನಕ್ಕವಳು ನಾನು. ಈಗಲೂ ನಗುತ್ತೇನೆ. ರೇಡಿಯೋ ದೂರದರ್ಶಕದಲ್ಲಿ ಕೆಲಸ ಮಾಡುವವರ ಮುಂದೆ ಮೋಟಾರು, ಮೊಬೈಲು, ವಿದ್ಯುತ್ ತಂತಿ ಎಲ್ಲವೂ ನಕ್ಷತ್ರದ ವೇಷ ಹಾಕಿಕೊಂಡು ಬರುತ್ತವೆ. ಆ ವೇಷ ಕಳಚುವುದರಲ್ಲಿ ನನ್ನ ಕೈ ಪಳಗಿದೆ ಎಂದು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ನನ್ನ ಅಧ್ಯಯನ ಮಿಲಿಸೆಕೆಂಡ್ ಪಲ್ಸಾರ್‌ಗಳದು. ಸತ್ತ ನಕ್ಷತ್ರವೊಂದು ಒಂದು ಊರಿನಷ್ಟಕ್ಕೆ ಕುಗ್ಗಿ, ಸೆಕೆಂಡಿಗೆ ನೂರಾರು ಸಲ ಗಿರಗಿರನೆ ತಿರುಗುತ್ತದೆ. ಸುತ್ತಿಗೊಮ್ಮೆ ಅದರ ರೇಡಿಯೋ ಮಿಡಿತ ನಮ್ಮನ್ನು ಮುಟ್ಟುತ್ತದೆ. ಆ ಮಿಡಿತಗಳನ್ನು ಸದ್ದಾಗಿ ಬದಲಿಸಿದರೆ ಟಕ್ ಟಕ್ ಎನ್ನುವುದಿಲ್ಲ, ಒಂದೇ ಸಮನೆ ಎಳೆದ ಸ್ವರವಾಗುತ್ತದೆ. ಅಂಥದ್ದೊಂದನ್ನು ನಾನು ಪತ್ತೆಮಾಡಿದ್ದೆ. ಒಮ್ಮೆ ಕಂಡದ್ದು ಮತ್ತೆ ಕಾಣಲಿಲ್ಲ. ಅದು ಇನ್ನೊಂದು ನಕ್ಷತ್ರವನ್ನು ಸುತ್ತುತ್ತಿದ್ದರೆ ಮಿಡಿತದ ವೇಗ ನಮಗೆ ಹೆಚ್ಚುಕಡಿಮೆಯಾಗಿ ತೋರುತ್ತದೆ. ಯಾವ ವೇಗಕ್ಕೆ ಹುಡುಕಬೇಕೆಂದು ತಿಳಿಯದಿದ್ದರೆ ಕ್ಷೀಣವಾದದ್ದು ಗದ್ದಲದಲ್ಲಿ ಮುಳುಗಿಹೋಗುತ್ತದೆ. ಈ ವಾರ ಸಿಗದಿದ್ದರೆ ಕೈಬಿಡೋಣ ಎಂದು ತಂಡದ ಹಿರಿಯರು ಹೇಳಿಬಿಟ್ಟರು. ಆದರೆ ಅದು ಇದೆ ಎಂಬುದು ನನಗೆ ಖಾತ್ರಿಯಿತ್ತು.

ಅದೇ ವಾರ ಚಿಕ್ಕಮ್ಮನಿಗೆ ಕಣ್ಣಿನ ಆಪರೇಷನ್ ಆಗಿ, ನೋಡಲು ಅವರ ಊರು ಕೋಲಸಿರ್ಸಿಗೆ ಹೋದೆ. ಭತ್ತದ ತೆನೆ ಬಲಿಯುವ ಕಾಲ. ಗದ್ದೆ ಕಾಯಲು ಕಟ್ಟಿದ ಅಟ್ಟಣಿಗೆಗೆ, ನಮ್ಮ ಕಡೆಯ ಮಾಳಕ್ಕೆ, ಚಿಕ್ಕಪ್ಪ ಒಂದು ಹಳೆಯ ರೇಡಿಯೋ ನೇತುಹಾಕಿದ್ದರು. ಮನುಷ್ಯರ ದನಿ ಕೇಳಿದರೆ ಹಂದಿ ಗದ್ದೆಗಿಳಿಯುವುದಿಲ್ಲವೆಂದು ನಮ್ಮ ಕಡೆ ಹಾಗೆ ಮಾಡುತ್ತಾರೆ. ಸಂಜೆ ಅದನ್ನು ಹಚ್ಚಲು ಹೊರಟವರ ಜೊತೆ ನಾನೂ ಹೋದೆ. ಸ್ಟೇಷನ್ ಹಿಡಿದಿರಲಿಲ್ಲ, ಬರೀ ಸೊರ್ ಎನ್ನುತ್ತಿತ್ತು. ತಿರುಗಿಸಲು ಕೈ ಚಾಚಿದೆ.

"ಇರ್ಲಿ ಬಿಡು ಕೂಸೇ, ಹಂದಿಗೆ ಯಾವ ಸ್ಟೇಷನ್ ಆದ್ರೂ ಅಡ್ಡಿಲ್ಲೆ" ಎಂದರು ಚಿಕ್ಕಪ್ಪ.

ಆಗ ಆ ಸೊರ್ ಸದ್ದಿನೊಳಗಿಂದ ಒಂದು ಸ್ವರ ಎದ್ದಿತು. ತಿಂಗಳುಗಟ್ಟಲೆ ನಾನು ಕಿವಿಗೆ ಹಚ್ಚಿಕೊಂಡು ಕೂತಿದ್ದ ಸ್ವರ.

ಮೈ ಜುಮ್ಮೆಂದಿತು. ಆದರೆ ಬುದ್ಧಿ ಕೆಟ್ಟಿರಲಿಲ್ಲ. ಆ ಡಬ್ಬಿಗೆ ನಕ್ಷತ್ರ ಕೇಳಿಸುವುದು ಸಾಧ್ಯವೇ ಇಲ್ಲ. ಹತ್ತಿರದಲ್ಲೇ ಯಾವುದೋ ಯಂತ್ರ ನನ್ನನ್ನು ಆಟವಾಡಿಸುತ್ತಿದೆ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ರೆಕಾರ್ಡ್ ಮಾಡತೊಡಗಿದೆ. ಸೋಲಾರ್ ಬೇಲಿ ಬಂದ್ ಮಾಡಿಸಿದೆ. ಪಂಪ್‌ಸೆಟ್ಟಿನ ಫ್ಯೂಸ್ ಕೀಳಿಸಿದೆ. ಸ್ವರ ಅಲುಗಲಿಲ್ಲ.

ಅತ್ತಿತ್ತ ಓಡಾಡಿ ಸುಸ್ತಾದ ಚಿಕ್ಕಪ್ಪ ತಮ್ಮತ್ತಲೇ ಬೆರಳು ಮಾಡಿ, "ಇನ್ನು ಆನೊಬ್ನೇ ಉಳದ್ದಿ. ಯನ್ನೂ ಬಂದ್ ಮಾಡ್ತ್ಯ?" ಎಂದು ಕೇಳಿದರು.

ನಾನು ನಗುವಷ್ಟರಲ್ಲಿ ಸ್ವರ ತಾನಾಗಿಯೇ ನಿಂತಿತು.

ಮನೆಗೆ ಬಂದು ಲ್ಯಾಪ್‌ಟಾಪಿನಲ್ಲಿ ಅಳೆದೆ. ನಾನು ಮೊದಲು ಕಂಡ ವೇಗಕ್ಕಿಂತ ಒಂದು ಕೂದಲೆಳೆ ಕಡಿಮೆ. ಯಾರೂ ನೋಡುತ್ತಿಲ್ಲವಲ್ಲ ಎಂಬ ಧೈರ್ಯದಿಂದ, ಖಾಲಿಯೆಂದು ಬದಿಗಿಟ್ಟಿದ್ದ ಹಳೆಯ ದತ್ತಾಂಶದಲ್ಲಿ ಆ ವೇಗಕ್ಕೇ ಹುಡುಕಿದೆ. ನಕ್ಷತ್ರ ಅಲ್ಲಿತ್ತು. ಕುರ್ಚಿಯಿಂದ ಎದ್ದುಬಿಟ್ಟೆ. ಕಣ್ಣೀರೂ ಹಾಕಿದೆ. ಆಮೇಲೆ ದೂರದರ್ಶಕವನ್ನು ಅತ್ತ ತಿರುಗಿಸಿದಾಗಲೂ ಸಿಕ್ಕಿತು, ಅದರ ಕಕ್ಷೆಯೂ ಸಿಕ್ಕಿತು. ಈಗ ಬೇರೆಯವರೂ ನೋಡಿದ್ದಾರೆ.

ಕಾಕತಾಳೀಯ ಎನ್ನಬಹುದು. ಬೇರೆಯವರಿಗೆ ಆಗಿದ್ದರೆ ನಾನೂ ಅದನ್ನೇ ಅನ್ನುತ್ತಿದ್ದೆ. ಆಮೇಲೆ ಉಪಕರಣ ಹೊತ್ತುಕೊಂಡು ಹೋಗಿ ಆ ಗದ್ದೆಯ ಮೂಲೆಮೂಲೆ ಜಾಲಾಡಿದ್ದೇನೆ, ಏನೂ ಸಿಕ್ಕಿಲ್ಲ. ನಕ್ಷತ್ರದ ಬಗ್ಗೆ ಮಾತ್ರ ಯಾರ ಜೊತೆ ಬೇಕಾದರೂ ವಾದಕ್ಕೆ ಕೂರುತ್ತೇನೆ. ಆದರೆ ತಂಡದ ಹಿರಿಯರು, "ಅಷ್ಟೊಂದು ವೇಗಗಳಿರುವಾಗ ಸರಿಯಾಗಿ ಅದೊಂದಕ್ಕೇ ಹುಡುಕಬೇಕೆಂದು ನಿನಗೆ ಹೊಳೆದದ್ದು ಹೇಗೆ?" ಎಂದು ಕೇಳಿದಾಗ ಆ ರೇಡಿಯೋದ ಹೆಸರೆತ್ತಲು ಧೈರ್ಯ ಬರಲಿಲ್ಲ. ಎಲ್ಲ ಅದೃಷ್ಟ ಎಂದೆ. ಅವರು ಅದನ್ನು ವಿನಯವೆಂದುಕೊಂಡು ಬೆನ್ನು ತಟ್ಟಿದರು.