ಗಾಯಕರ ಗಂಟಲಿಗಾಗಿ ಆರಿಸಿದ ಎಸಿ

ಬೆಳಿಗ್ಗೆ ಎದ್ದು ಕುಚ್ಚಲಕ್ಕಿ ತೊಳೆದೆ. ಅಂಜಲ್ ಮೀನಿನ ತುಂಡುಗಳಿಗೆ ಮಸಾಲೆ ಸವರಿ ಫ್ರಿಜ್ಜಿನಲ್ಲಿಟ್ಟೆ, ಬಾಲ್ಕನಿಯ ಧೂಳು ಒರೆಸಿದೆ, ಅತ್ತೆಯ ರೇಷ್ಮೆ ಸೀರೆಗೆ ಇಸ್ತ್ರಿ ಹಾಕಿದೆ, ಎಸಿ ಆರಿಸಿದೆ. ಕೊಲ್ಲಿ ನಾಡಿನ ವಾದಿ ಕಬೀರಿನಲ್ಲಿ, ಜೂನ್ ತಿಂಗಳ ಉರಿಸೆಕೆಯಲ್ಲಿ, ಎಸಿ ಆರಿಸಿದೆ.

ಮನೆಯಲ್ಲಿ ರೇಡಿಯೊ ಗಾಯಕರಿದ್ದರು. ಒಂದು ಕಾಲಕ್ಕೆ ನಮ್ಮೂರಿನ ರೇಡಿಯೊಗಳಲ್ಲೆಲ್ಲ ಅವರದೇ ದನಿ. ಕನ್ನಡ ಸಂಘದ ಕಾರ್ಯಕ್ರಮಕ್ಕೆ ಅವರನ್ನು ಕರೆಸಿದವರಲ್ಲಿ ನನ್ನ ಗಂಡನೂ ಒಬ್ಬರು, ಹಾಗಾಗಿ ನಮ್ಮ ಮಲಗುವ ಕೋಣೆ ಅವರ ಪಾಲಾಯಿತು. "ತಣ್ಣನೆ ಗಾಳಿ ನನ್ನ ಕಂಠಕ್ಕೆ ವಿಷ" ಎಂದು ಬಂದ ದಿನವೇ ಅಪ್ಪಣೆಯಾಗಿತ್ತು. ಅವರಿಗೆ ಮೀನು ಬೇಡ, ಖಾರ ಬೇಡ, ಮೊಸರು ಬೇಡ. ಜೇನು ಹಾಕಿದ ಬಿಸಿನೀರು ಮಾತ್ರ ಮತ್ತೆ ಮತ್ತೆ ಬೇಕು.

ಅತ್ತೆಗಾಗಿ ಸಹಿಸಿದೆ. ಉಡುಪಿಯಲ್ಲಿ, ರೇಡಿಯೊ ಇದ್ದ ಪಕ್ಕದ ಮನೆಯ ಜಗಲಿಯಲ್ಲಿ ಬೀಡಿ ಕಟ್ಟುತ್ತಾ ಆ ದನಿ ಕೇಳಿಕೊಂಡೇ ಪ್ರಾಯ ಕಳೆದವರು ಅವರು. ಅತ್ತೆಯ ವಿಸಿಟ್ ವೀಸಾ ಮುಗಿಯುತ್ತ ಬಂದಿತ್ತು. "ಎದುರು ಕೂತು ಒಂದು ಹಾಡು ಕೇಳಿದ್ರೆ ಸಾಕು ಮಗಾ. ಸೆಕೆ ಎಂತ ಸೆಕೆ!" ಎನ್ನುತ್ತಾ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು.

ಸಂಜೆ ಸಭಾಂಗಣದಲ್ಲಿ ನಮಗೆ ಮೊದಲ ಸಾಲು. ಗಾಯಕರು ಜರಿ ಶಾಲು ಹೊದ್ದು ಬಂದರು, ಕಣ್ಣು ಮುಚ್ಚಿದರು, ಹಾಡು ಶುರುವಾಯಿತು. ಎರಡನೇ ಚರಣದಲ್ಲಿ ಕೆಮ್ಮು ಬಂತು. ಕೆಮ್ಮಿದರು, ಲೋಟ ಎತ್ತಿ ನೀರು ಕುಡಿದರು. ಹಾಡು ಮಾತ್ರ ನಿಲ್ಲಲಿಲ್ಲ. ಪರದೆಯ ಮರೆಯಲ್ಲಿ ಕ್ಯಾಸೆಟ್ ತಿರುಗುತ್ತಿತ್ತು. ನಮ್ಮ ಜನರೋ, ನೀರು ಕುಡಿದದ್ದಕ್ಕೂ ಚಪ್ಪಾಳೆ ತಟ್ಟಿದರು. ಸಂಘದ ಅಧ್ಯಕ್ಷರು "ಏನು ಕಂಠ!" ಎಂದು ಶಾಲಿನ ಮೇಲೆ ಇನ್ನೊಂದು ಶಾಲು ಹೊದಿಸಿದರು. ಅತ್ತೆ ಕೈ ಮಡಿಲಲ್ಲೇ ಇಟ್ಟುಕೊಂಡು ಕೂತಿದ್ದರು.

ಮನೆಗೆ ಬಂದ ಮೇಲೆ ಅತ್ತೆಯೇ ಗಾಯಕರನ್ನು ಕೇಳಿದರು: "ಈಗ ಒಂದು ಸಾಲು ಹಾಡಿ ಮಾರಾಯ್ರೇ. ಮೈಕ್ ಬೇಡ, ನಾನು ಇಲ್ಲೇ ಕೂತಿದ್ದೇನೆ."

"ಗಂಟಲು ದಣಿದಿದೆ ಅಮ್ಮ."

"ಗಂಟಲು ಎಂತಕ್ಕೆ ದಣಿಯುದು? ದುಡಿದದ್ದು ಕ್ಯಾಸೆಟ್ ಅಲ್ವಾ?"

ಅತ್ತೆಯ ಬಾಯಿ ಮುಚ್ಚಿಸು ಎಂದು ಗಂಡ ನನ್ನ ಕಾಲು ತುಳಿದರು. ನಾನು ಕಾಲು ಹಿಂದಕ್ಕೆಳೆದುಕೊಂಡೆ.

"ಎಸಿ ಹಾಕು ಮಗಾ. ಫುಲ್ ಇಡು," ಎಂದರು ಅತ್ತೆ.

ಹಾಕಿದೆ. ಗಾಯಕರು ಕಂಠದ ಮಾತೆತ್ತಲಿಲ್ಲ. ಬೇಡವೆಂದಿದ್ದ ಅಂಜಲ್ ಫ್ರೈಯನ್ನು ಒಂದು ತುಂಡೂ ಬಿಡದೆ ಮುಳ್ಳು ಚೀಪಿ ಚೀಪಿ ತಿಂದರು, ಮೇಲಿಂದ ಫ್ರಿಜ್ಜಿನ ಲಬಾನ್ ಮಜ್ಜಿಗೆ. ಅತ್ತೆ ಗಂಜಿಗೆ ಮಾವಿನ ಉಪ್ಪಿನಕಾಯಿ ನೆಂಚಿಕೊಂಡು ಎದ್ದರು. ನಾನೂ ಅದನ್ನೇ ಉಂಡೆ. ಮೊದಲು ನಿದ್ದೆಹೋದವರು ಗಾಯಕರು, ಸೋಫಾದಲ್ಲಿ, ಎಸಿಯ ನೇರಕ್ಕೇ, ಬಾಯಿ ತೆರೆದುಕೊಂಡು.

"ಗೊರಕೆ ಆದ್ರೂ ಸ್ವಂತದ್ದು," ಎಂದು ಅತ್ತೆ ಲೈಟ್ ಆರಿಸಿದರು.