ಯಮನ ಗುಮಾಸ್ತೆಯ ಹಟ

ಬೆಳಕು ಹರಿಯುವ ಹೊತ್ತು. ಗಾಜಿನ ಕಾರ್ಖಾನೆಯ ಗೇಟಿನೆದುರು, ಚಹಾದಂಗಡಿಯ ಬೆಂಚಿನ ತುದಿಯಲ್ಲಿ, ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಒಬ್ಬ ಹೆಂಗಸು ಕೂತಿದ್ದಾರೆ. ರಾತ್ರಿ ಪಾಳಿ ಮುಗಿಸಿ ಬರುವವರ ನಡಿಗೆ, ಕೆಮ್ಮು, ನಗು ಎಲ್ಲವನ್ನೂ ಗಮನಿಸುತ್ತಾರೆ. ನಿವೃತ್ತ ಕೆಲಸಗಾರರೊಬ್ಬರು ಗುರುತು ಹಿಡಿದು ಕೂಗುತ್ತಾರೆ: "ಏನಮ್ಮಾ, ನನ್ನ ಚೀಟಿ ಹರಿಯೋಕೆ ಬಂದ್ರಾ?"

"ನಿಮ್ಮದು ಗಟ್ಟಿ ಚೀಟಿ ಯಜಮಾನ್ರೇ, ಅಷ್ಟು ಸುಲಭಕ್ಕೆ ಹರಿಯಲ್ಲ!"

ಇವರು ಆಕ್ಚುಯರಿ; ಇವರ ಬಗ್ಗೆ ಬರೆಯಲೆಂದು ಇವತ್ತಿಡೀ ನಾನು ಜೊತೆಗಿದ್ದೇನೆ. ಕೆಲಸಗಾರರು ನಿವೃತ್ತರಾದ ಮೇಲೆ ಎಷ್ಟು ಕಾಲ ಬದುಕಬಹುದು, ಅಲ್ಲಿಯವರೆಗೆ ಪಿಂಚಣಿ ಕೊಡಲು ನಿಧಿಯಲ್ಲಿ ಈಗಲೇ ಎಷ್ಟಿರಬೇಕು ಎಂದು ಲೆಕ್ಕ ಹಾಕಿ ಕಂಪನಿಗಳಿಗೆ ಸಲಹೆ ಕೊಡುವವರು. ಬೀದಿಯವರು ಇಟ್ಟ ಅಡ್ಡಹೆಸರು 'ಯಮನ ಗುಮಾಸ್ತೆ'. ಬೇಜಾರಿಲ್ಲ, ಇವರೂ ನಗುತ್ತಾರೆ. "ಆದ್ರೆ ಕೋಣೇಲಿ ಕೂತ್ಕೊಂಡು ಯಾರ ಆಯಸ್ಸನ್ನೂ ಅಳೀಬಾರದು" ಎನ್ನುತ್ತಾರೆ.

ಪರೀಕ್ಷೆಗಳನ್ನೆಲ್ಲ ದಾಟಲು ಹನ್ನೊಂದು ವರ್ಷ ಹಿಡಿಯಿತು. ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಓದಿದ್ದೂ ಉಂಟು. ಅಪ್ಪ ತೀರಿಕೊಂಡ ಸ್ವಲ್ಪ ಕಾಲಕ್ಕೇ ಅವರ ಕಂಪನಿಯ ಪಿಂಚಣಿ ನಿಧಿ ಬರಿದಾಗಿ, ಅಮ್ಮನಿಗೆ ಬರುತ್ತಿದ್ದ ಕುಟುಂಬ ಪಿಂಚಣಿ ನಿಂತು, ಅವರು ಇಳಿವಯಸ್ಸಿನಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತರು. "ಯಾರೂ ಕದ್ದಿರಲಿಲ್ಲ. ಇವರೆಲ್ಲ ಬೇಗ ಹೋಗ್ತಾರೆ ಅಂತ ಲೆಕ್ಕ ಹಾಕಿದವನು ಅಂದ್ಕೊಂಡಿದ್ದ, ಅಷ್ಟೇ."

ಇವತ್ತು ಅಂಥದ್ದೇ ಲೆಕ್ಕ ಇವರ ಮುಂದಿದೆ. ಮಾಲೀಕರು ಹಳೆಯ ಆಯಸ್ಸಿನ ಪಟ್ಟಿಯನ್ನೇ ಬಳಸಿ ಎನ್ನುತ್ತಿದ್ದಾರೆ. ಅದರ ಪ್ರಕಾರ ಗಾಜಿನ ಧೂಳು ಕುಡಿದವರು ಬೇಗ ಸಾಯುತ್ತಾರೆ, ಕಂಪನಿ ಕಡಿಮೆ ಕಟ್ಟಿದರೆ ಸಾಕು. ಆದರೆ ಧೂಳು ಹೀರುವ ಯಂತ್ರ ಬಂದ ಮೇಲೆ ಜನ ಗಟ್ಟಿಯಾಗಿದ್ದಾರೆ. ಒಪ್ಪದಿದ್ದರೆ ಇವರ ಅತಿ ದೊಡ್ಡ ಗಿರಾಕಿಯಾದ ಈ ಕಂಪನಿಯೇ ಕೈತಪ್ಪುತ್ತದೆ.

"ಅಷ್ಟು ವರ್ಷ ಯಾರ್ರೀ ಬದುಕ್ತಾರೆ?" ಮಹಡಿಯ ಕಚೇರಿಯಲ್ಲಿ, ಇವರು ಮಾಡಿಕೊಂಡು ಬಂದ ಹೊಸ ಪಟ್ಟಿ ನೋಡಿ ಮಾಲೀಕರು ರೇಗುತ್ತಾರೆ. ಇವರು ಎದ್ದು ಕಿಟಕಿ ತೆರೆಯುತ್ತಾರೆ. ಕೆಳಗೆ ಚಹಾದಂಗಡಿಯಲ್ಲಿ ನಿವೃತ್ತರ ದಂಡು ಬಿದ್ದು ಬಿದ್ದು ನಗುತ್ತಿದೆ.

"ಬೇಗ ಹೋಗ್ರಪ್ಪಾ ಅಂತ ನೀವೇ ಹೇಳಿ ಸಾರ್. ನನ್ನ ಕೈಲಿ ಆಗಲ್ಲ. ಹಳೇ ಪಟ್ಟಿಗೆ ನನ್ನ ಸಹಿ ಇಲ್ಲ."

ಮಾಲೀಕರು ಕಿಟಕಿಯ ಬಳಿ ಬಂದು ಕೆಳಗೆ ಬಗ್ಗಿ ನೋಡುತ್ತಾರೆ. ಆ ದಂಡಿನಲ್ಲಿ ಅವರಿಗೇ ಕೆಲಸ ಕಲಿಸಿದ ಮೇಸ್ತ್ರಿಯೂ ಇದ್ದಾರೆ. "ಜಗಮೊಂಡಿ ಕಣ್ರೀ ನೀವು" ಎನ್ನುತ್ತಾ ಹೊಸ ಪಟ್ಟಿಯನ್ನು ಹತ್ತಿರ ಎಳೆದುಕೊಳ್ಳುತ್ತಾರೆ. ಮೂಲೆಯಲ್ಲಿ ಕೂತ ನನಗಂತೂ ಚಪ್ಪಾಳೆ ತಟ್ಟಿಬಿಡೋಣ ಅನ್ನಿಸುತ್ತದೆ!

ಸಂಜೆ ಮನೆ ಬಾಗಿಲಲ್ಲೇ ಎಂಬತ್ತು ದಾಟಿದ ಅಮ್ಮನ ನಿತ್ಯದ ಕೀಟಲೆ: "ಇವತ್ತು ಎಷ್ಟು ಜನರನ್ನ ಸಾಯಿಸಿ ಬಂದೆಯೇ?"

"ಒಬ್ಬರನ್ನೂ ಇಲ್ಲಮ್ಮ. ಎಲ್ಲರನ್ನೂ ತೊಂಬತ್ತರ ತನಕ ಎಳ್ಕೊಂಡು ಬಂದೆ."

"ಅಬ್ಬಾ, ಸುಸ್ತಾಗಿರತ್ತೆ. ಕೈಕಾಲು ತೊಳ್ಕೊಂಡು ಬಾ, ಬಡಿಸ್ತೀನಿ."